‘ಸಾಕು’ ಎನ್ನುವ ಗೆರೆ: ಕಿಲ್ಲಾರಿಯ ಗೋಡೆಗಳಿಂದ ಕಲಿತ ಲೆಕ್ಕ

ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು ಊಟಕ್ಕೆ ಕೂತಿದ್ದೆ. ಊರಿನಿಂದ ಚಿಕ್ಕಮ್ಮನ ಮಗನ ಫೋನ್ ಬಂತು. ಇಪ್ಪತ್ತನಾಲ್ಕು ವರ್ಷದ ಹುಡುಗ. ನನ್ನ ಹಾಗೆಯೇ ಬಿ.ಕಾಂ. ಮುಗಿಸಿ ಮಂಗಳೂರಿನ ಒಂದು ಕಚೇರಿಯಲ್ಲಿ ಅಕೌಂಟ್ಸ್ ಕೆಲಸಕ್ಕಿದ್ದಾನೆ. ಸಲಾಂ ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಕಾಕ, ನನ್ನ ಜೊತೆ ಓದಿದವನು ದುಬೈಯಿಂದ ಬಂದು ಕಾರು ತೆಗೆದ. ಇನ್ನೊಬ್ಬನ ಮನೆ ಒಕ್ಕಲು ಬರುವ ವಾರ. ನಾನು ಮಾತ್ರ ಎಲ್ಲಿದ್ದೆನೋ ಅಲ್ಲೇ ಇದ್ದೇನೆ. ಲೈಫಲ್ಲಿ ಸೋತೆ ಅಂತ ಅನ್ನಿಸ್ತದೆ” ಎಂದ.

ಇಪ್ಪತ್ತನಾಲ್ಕಕ್ಕೇ ಸೋಲು! ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಆ ಮಾತು ನನಗೆ ಹೊಸದಲ್ಲ. ಮೂವತ್ತರ ಹೊಸ್ತಿಲಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. “ಸಬ್ರ್ ಮಾಡು ಮೋನೇ” ಎಂದು ಹೇಳಿ ಫೋನ್ ಇಟ್ಟೆ. ಆದರೆ ಅದು ಉತ್ತರ ಅಲ್ಲ, ಉತ್ತರ ಗೊತ್ತಿಲ್ಲದಾಗ ದೊಡ್ಡವರು ಹೇಳುವ ಮಾತು ಅಂತ ನನಗೂ ಗೊತ್ತಿತ್ತು. ಅವನಿಗೆ ಅವತ್ತು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನ ವಯಸ್ಸಿನ ಎಷ್ಟೋ ಹುಡುಗರು ರಾತ್ರಿ ಮೊಬೈಲ್ ನೋಡುತ್ತಾ ಇದನ್ನೇ ಯೋಚಿಸುತ್ತಾ ಮಲಗುತ್ತಾರೆ ಎಂಬುದು ನನ್ನ ಅನುಮಾನ.

ಗೋಡೆ ನೋಡಿ ಹೆಣ್ಣು ಕೊಡುತ್ತಿದ್ದ ಕಾಲ

ನಾನು ವ್ಯಾಪಾರ ಮಾಡುತ್ತಿರುವುದು ಮಹಾರಾಷ್ಟ್ರದ ಉಮರ್ಗಾದಲ್ಲಿ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರ ಇರುವ ತಾಲೂಕು ಕೇಂದ್ರ. ಧಾರಾಶಿವ, ಅಂದರೆ ಹಿಂದಿನ ಉಸ್ಮಾನಾಬಾದ್ ಜಿಲ್ಲೆ. ಅತ್ತ ನಿಲಂಗಾ, ಉದಗೀರ್. ಇತ್ತ ಬಸವಕಲ್ಯಾಣ, ಆಳಂದ. 1956ರಲ್ಲಿ ರಾಜ್ಯಗಳ ಗಡಿ ಬದಲಾಗುವ ತನಕ ನಿಲಂಗಾ, ಉದಗೀರ್ ಎರಡೂ ಬೀದರ್ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ನನ್ನ ಚಪ್ಪಲಿ-ಬ್ಯಾಗಿನ ಅಂಗಡಿಯಲ್ಲಿ ಮರಾಠಿ, ದಖ್ಖನಿ ಉರ್ದು, ಕನ್ನಡ ಮೂರೂ ನಡೆಯುತ್ತದೆ.

ನಮ್ಮ ಅಂಗಡಿಗೆ ಬರುವ ಒಬ್ಬರು ಹಿರಿಯರಿದ್ದಾರೆ. ಈ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ವರ್ಷಕ್ಕೆ ಒಂದೇ ಜೊತೆ ಚಪ್ಪಲಿ. ಹೊಸದು ತೋರಿಸಿದರೆ, “ಇದು ಇನ್ನಾ ಗಟ್ಟಿ ಅದಾ ಭಾಯಿ, ಉಂಗುಷ್ಟ ಅಷ್ಟ ಹೊಲಿಸಿ ಕೊಡ್ರಿ” ಎನ್ನುವ ಗಿರಾಕಿ. ವ್ಯಾಪಾರಕ್ಕೆ ಇಂಥವರಿಂದ ಲಾಭ ಇಲ್ಲ. ಆದರೆ ಅವರು ಬಂದ ದಿನ ನಾನು ಚಹಾ ತರಿಸದೆ ಬಿಡುವುದಿಲ್ಲ.

ಅವರ ಊರು ಸಾಸ್ತೂರಿನ ಪಕ್ಕ. ಆ ಹೆಸರು ಕೇಳಿದರೆ ಇಲ್ಲಿನವರಿಗೆ ಮೊದಲು ನೆನಪಾಗುವುದು 1993ರ ಸೆಪ್ಟೆಂಬರ್ 30. ಬೆಳಗಿನ ಜಾವ 3 ಗಂಟೆ 56 ನಿಮಿಷ. ಗಣಪತಿ ವಿಸರ್ಜನೆ ಮುಗಿಸಿ ಜನ ಆಗಷ್ಟೇ ಮಲಗಿದ್ದರು. ಲಾತೂರ್ ಜಿಲ್ಲೆಯ ಕಿಲ್ಲಾರಿಯ ಹತ್ತಿರ ಭೂಮಿ ನಡುಗಿತು. ತೀವ್ರತೆ 6.2. ಜಗತ್ತಿನ ಲೆಕ್ಕದಲ್ಲಿ ಅದು ಬಹಳ ದೊಡ್ಡ ಭೂಕಂಪ ಅಲ್ಲ. ಆದರೂ ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಮೊದಲು ಈ ಪ್ರದೇಶ ಭೂಕಂಪದ ನಕ್ಷೆಯಲ್ಲಿ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿತ್ತು.

ಅಷ್ಟು ಜನ ಯಾಕೆ ಸತ್ತರು ಎಂದು ತಜ್ಞರು ನೋಡಿದಾಗ ಸಿಕ್ಕ ದೊಡ್ಡ ಕಾರಣ ಮನೆಯ ಗೋಡೆ. ಇಲ್ಲಿ ಕಲ್ಲಿಗೆ ಬರ ಇಲ್ಲ. ಉಂಡೆ ಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಎರಡು-ಮೂರು ಅಡಿ ದಪ್ಪದ ಗೋಡೆ ಎಬ್ಬಿಸುತ್ತಿದ್ದರು. ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲದಲ್ಲಿ ಸೋರಬಾರದು ಎಂದು ಮತ್ತೆ ಮತ್ತೆ ಮಣ್ಣು ಹಾಕುತ್ತಾ ಮಾಳಿಗೆ ವರ್ಷದಿಂದ ವರ್ಷಕ್ಕೆ ಭಾರ ಆಗುತ್ತಿತ್ತು. ಬಿಸಿಲಿಗೆ ತಂಪು, ಕಳ್ಳರಿಂದ ರಕ್ಷಣೆ, ನೋಡುವವರಿಗೆ ಗತ್ತು. ಆದರೆ ಕಲ್ಲಿಗೂ ಕಲ್ಲಿಗೂ ಹಿಡಿತ ಇರಲಿಲ್ಲ. ನೆಲ ನಡುಗಿದ ಕೂಡಲೇ ಗೋಡೆ ಬಿಚ್ಚಿಕೊಂಡಿತು, ಮಾಳಿಗೆ ಮೇಲೆ ಬಿತ್ತು. ಹುಲ್ಲಿನ ಗುಡಿಸಲಿನಲ್ಲಿ, ತಗಡಿನ ಸೂರಿನ ಕೆಳಗೆ ಮಲಗಿದವರಲ್ಲಿ ಹೆಚ್ಚಿನವರು ಎದ್ದು ಹೊರಗೆ ಬಂದರು.

ಮುತ್ಯಾ ಆ ರಾತ್ರಿ ಹೊಲದಲ್ಲಿ ಕಾವಲಿಗೆ ಹೋಗಿದ್ದರಂತೆ. “ನಮ್ಮಪ್ಪ ಕಟ್ಟಿಸಿದ ವಾಡೆ ಭಾಯಿ. ಗ್ವಾಡಿ ಮ್ಯಾಲ ಎತ್ತು ನಡೀಬಹುದಿತ್ತು, ಅಷ್ಟು ದಪ್ಪ. ಹೆಣ್ಣು ಕೊಡೋರು ಬಂದ್ರ ಮೊದಲ ಗ್ವಾಡಿ ನೋಡ್ತಿದ್ರು. ಆ ಗ್ವಾಡೀನೇ ಅವ್ವನ ಮ್ಯಾಲ, ಅಣ್ಣನ ಮ್ಯಾಲ ಬಿತ್ತು. ನಮ್ಮ ಆಳಿನ ಗುಡಿಸಲು ಅಲುಗಾಡಿ ಹಂಗೇ ನಿಂತಿತ್ತು” ಎಂದರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ದೊಡ್ಡ ಮನೆಯವರಿಗೆ ಶಿಕ್ಷೆ ಆಯಿತು, ಬಡವರು ಉಳಿದರು ಎಂದು ಈ ಘಟನೆಗೆ ಅರ್ಥ ಹಚ್ಚುವುದು ತಪ್ಪು, ಸತ್ತವರಿಗೆ ಮಾಡುವ ಅವಮಾನ. ಸಣ್ಣ ಕಲ್ಲಿನ ಮನೆಗಳಲ್ಲಿದ್ದ ಎಷ್ಟೋ ಬಡವರೂ ಸತ್ತರು. ಸತ್ತ ಮಕ್ಕಳು ಯಾವ ತಪ್ಪು ಮಾಡಿದ್ದರು? ನಾನು ಇದರಿಂದ ತೆಗೆದುಕೊಂಡ ಪಾಠ ಚಿಕ್ಕದು. ನಾವು ಯಾವುದನ್ನು ‘ರಕ್ಷಣೆ’ ಎಂದು ಕಟ್ಟುತ್ತೇವೋ ಅದಕ್ಕೂ ಒಂದು ಭಾರ ಇರುತ್ತದೆ. ಆ ಭಾರ ನಮ್ಮ ತಲೆಯ ಮೇಲೆಯೇ ಇರುತ್ತದೆ. ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ಎರಡನೇ ಅಂಗಡಿ

ಭಾರದ ವಿಷಯ ನನಗೆ ಚೆನ್ನಾಗಿ ಗೊತ್ತು. ಕೆಲವು ವರ್ಷಗಳ ಹಿಂದೆ ಊರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಸಾಲಿನಲ್ಲಿ ಪರಿಚಯದವರೊಬ್ಬರು, “ಎಂತ, ಇನ್ನೂ ಒಂದೇ ಅಂಗಡಿಯಾ?” ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಸುಮ್ಮನೆ ಮಾತಿಗೆ ಕೇಳಿದ್ದು. ಆದರೆ ಆ ‘ಇನ್ನೂ’ ಎಂಬ ಶಬ್ದ ನನ್ನ ಜೊತೆ ಬಸ್ಸು ಹತ್ತಿ ಉಮರ್ಗಾಕ್ಕೆ ಬಂತು.

ಆರು ತಿಂಗಳೊಳಗೆ ಪಕ್ಕದ ಪಟ್ಟಣದಲ್ಲಿ ಎರಡನೇ ಅಂಗಡಿ ತೆರೆದೆ. ಸಾಲ ಮಾಡಿದೆ, ಹೆಂಡತಿಯ ಬಂಗಾರ ಅಡವಿಟ್ಟೆ. ಬೋರ್ಡಿನ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ, ನೂರಾರು ಮಂದಿ ‘ಮಾಶಾ ಅಲ್ಲಾಹ್’ ಹೇಳಿದರು. ಆ ಸಂತೋಷ ಎಷ್ಟು ದಿನ ಇತ್ತು ಎಂದು ಕೇಳಿದರೆ, ಪ್ರಾಮಾಣಿಕವಾಗಿ ಹೇಳುತ್ತೇನೆ, ಸುಮಾರು ಹದಿನೈದು ದಿನ. ಆಮೇಲೆ ಬೆಳಗ್ಗೆ ಈ ಅಂಗಡಿ, ಮಧ್ಯಾಹ್ನ ಆ ಅಂಗಡಿ, ರಾತ್ರಿ ಕಂತಿನ ಲೆಕ್ಕ. ಮಕ್ಕಳು ಎದ್ದಿರುವಾಗ ನಾನು ಮನೆಯಲ್ಲಿರಲಿಲ್ಲ, ನಾನು ಬರುವಾಗ ಅವರು ಮಲಗಿರುತ್ತಿದ್ದರು. ಲಾಕ್‌ಡೌನ್ ಬಂದಾಗ ಅಂಗಡಿ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಆ ವರ್ಷ ಪೆರ್ನಾಲ್‌ಗೆ ಊರಿಗೆ ಹೋಗಲು ದಾರಿ ಇರಲಿಲ್ಲ. ಮರುವರ್ಷ ದಾರಿ ಇತ್ತು, ಮುಖ ಇರಲಿಲ್ಲ.

ಈಗ ಹಿಂತಿರುಗಿ ನೋಡಿದರೆ ಅಂಗಡಿ ಮಾಡಿದ್ದು ತಪ್ಪಲ್ಲ. ವ್ಯಾಪಾರ ಬೆಳೆಸುವುದು ಗುನಾಹ್ ಅಲ್ಲ. ಆದರೆ ಆ ಅಂಗಡಿ ನನಗೆ ಬೇಕಾಗಿರಲಿಲ್ಲ. ಅದು ಊಟದ ಸಾಲಿನಲ್ಲಿ ಕೂತಿದ್ದ ಒಬ್ಬರಿಗೆ ಕೊಡಬೇಕಾದ ಉತ್ತರವಾಗಿತ್ತು. ಅವರು ಆ ಪ್ರಶ್ನೆಯನ್ನು ಅವತ್ತೇ ಮರೆತಿರಬಹುದು.

ಕಾಮರ್ಸ್ ಕ್ಲಾಸಿನಲ್ಲಿ ಕಲಿತು ಮರೆತ ಪಾಠ

ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರಿಗೆ ‘ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ’ ನೆನಪಿರಬೇಕು. ಬಾಯಾರಿದವನಿಗೆ ಮೊದಲ ಲೋಟ ನೀರು ಅಮೃತ. ಎರಡನೆಯದು ಒಳ್ಳೆಯದು. ನಾಲ್ಕನೆಯದು ಬೇಡ. ನಾವೆಲ್ಲ ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದೆವು, ನಮ್ಮ ಬದುಕಿಗೆ ಹಚ್ಚಿ ನೋಡಲಿಲ್ಲ.

ಹಣಕ್ಕೂ ಸಂತೋಷಕ್ಕೂ ಇರುವ ಸಂಬಂಧವನ್ನು ಅಳೆಯಲು ಜಗತ್ತಿನಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. 1974ರಲ್ಲಿ ರಿಚರ್ಡ್ ಈಸ್ಟರ್ಲಿನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ, ದೇಶದ ಆದಾಯ ಏರುತ್ತಾ ಹೋದರೂ ಜನರ ಸಂತೋಷ ಅದೇ ಪ್ರಮಾಣದಲ್ಲಿ ಏರಲಿಲ್ಲ ಎಂದು ತೋರಿಸಿದರು. 2010ರಲ್ಲಿ ಡೇನಿಯಲ್ ಕಾನ್ಮನ್ ಮತ್ತು ಆಂಗಸ್ ಡೀಟನ್, ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 75 ಸಾವಿರ ಡಾಲರ್ ಆದ ಮೇಲೆ ದಿನನಿತ್ಯದ ಖುಷಿ ಏರುವುದಿಲ್ಲ ಎಂದರು. ಆಮೇಲೆ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬವರು ‘ಇಲ್ಲ, ಏರುತ್ತದೆ’ ಎಂದರು. 2023ರಲ್ಲಿ ಕಾನ್ಮನ್ ಅವರ ಜೊತೆಗೇ ಕೂತು ಮತ್ತೆ ಲೆಕ್ಕ ಹಾಕಿದರು. ಹೆಚ್ಚಿನವರಿಗೆ ಹಣದ ಜೊತೆ ಖುಷಿ ಏರುತ್ತದೆ, ಆದರೆ ಮೊದಲೇ ತುಂಬಾ ನೊಂದಿರುವವರಿಗೆ ಒಂದು ಹಂತದ ಮೇಲೆ ಹಣ ಸಹಾಯ ಮಾಡುವುದಿಲ್ಲ ಎಂದು ಕಂಡಿತು.

ಅಂದರೆ ‘ಹಣದಿಂದ ಸಂತೋಷ ಸಿಗುವುದೇ ಇಲ್ಲ’ ಎಂಬ ಮಾತು ಸುಳ್ಳು. ಬಾಡಿಗೆ ಕಟ್ಟಲಾಗದವನಿಗೆ, ಉಮ್ಮನ ಔಷಧಿಗೆ ದುಡ್ಡಿಲ್ಲದವನಿಗೆ ಹಾಗೆ ಹೇಳುವುದು ಕ್ರೂರ. ಬಡತನವನ್ನು ಯಾರೂ ಹೊಗಳಬಾರದು. ಆದರೆ ಈ ಅಧ್ಯಯನಗಳಲ್ಲಿ ಇನ್ನೊಂದು ಗಮನಿಸಬೇಕಾದ ಅಂಶ ಇದೆ. ಸಂಬಳ ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಆದಾಗ ಎಷ್ಟು ಖುಷಿ ಹೆಚ್ಚುತ್ತದೋ, ಮತ್ತೆ ಅಷ್ಟೇ ಖುಷಿ ಹೆಚ್ಚಬೇಕಾದರೆ ಇಪ್ಪತ್ತು ನಲವತ್ತಾಗಬೇಕು, ನಲವತ್ತು ಎಂಬತ್ತಾಗಬೇಕು. ಪ್ರತಿ ಸಲವೂ ದುಪ್ಪಟ್ಟು! ಮೆಟ್ಟಿಲಿನ ಎತ್ತರ ದುಪ್ಪಟ್ಟಾಗುತ್ತಾ ಹೋಗುತ್ತದೆ, ಮೇಲೆ ಸಿಗುವುದು ಅದೇ ಒಂದು ಹಿಡಿ. ಆ ಒಂದು ಹಿಡಿಗೆ ನಿದ್ದೆ, ಆರೋಗ್ಯ, ಮಕ್ಕಳ ಬಾಲ್ಯ ಕೊಟ್ಟರೆ ಅದು ನಷ್ಟದ ವ್ಯಾಪಾರ.

ಇನ್ನೊಂದು ಪಾಠ ಸವಕಳಿ. ಅಂಗಡಿಯ ಕಪಾಟಿಗೆ ವರ್ಷಕ್ಕಿಷ್ಟು ಎಂದು ಸವಕಳಿ ಬರೆಯುತ್ತೇವೆ. ಹೊಸ ವಸ್ತುವಿನ ಖುಷಿಗೂ ಸವಕಳಿ ಇದೆ, ಅದನ್ನು ಯಾರೂ ಬರೆಯುವುದಿಲ್ಲ. 1978ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ದೊಡ್ಡ ಲಾಟರಿ ಗೆದ್ದ 22 ಜನರನ್ನು ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಮಾತಾಡಿಸಿದರು. ಲಾಟರಿ ಗೆಲ್ಲದ ನೆರೆಹೊರೆಯವರಿಗಿಂತ ಅವರು ಅಂಥಾ ಹೆಚ್ಚು ಸಂತೋಷವಾಗಿರಲಿಲ್ಲ. ಮಾತ್ರವಲ್ಲ, ತಿಂಡಿ ತಿನ್ನುವುದು, ಗೆಳೆಯರ ಜೊತೆ ಹರಟುವುದು ಇಂಥ ಸಣ್ಣ ವಿಷಯಗಳಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಕಡಿಮೆಯಾಗಿತ್ತು. ಸಣ್ಣ ಅಧ್ಯಯನ ಅದು, ಆದರೆ ಹೊಸ ಫೋನ್ ತೆಗೆದುಕೊಂಡ ಯಾರಿಗಾದರೂ ಅದರ ಅರ್ಥ ಆಗುತ್ತದೆ. ಫೋನಿನ ಖುಷಿ ಮೂರು ತಿಂಗಳಿಗೆ ಮುಗಿಯುತ್ತದೆ, ಕಂತು ಹದಿನೆಂಟು ತಿಂಗಳು ಇರುತ್ತದೆ.

ಬಗ್ದಾದಿನ ಪ್ರೊಫೆಸರ್, ಕಲ್ಯಾಣದ ಅಕ್ಕಿ

ಇದು ಇವತ್ತಿನ ರೋಗ ಅಲ್ಲ. ಹೆಚ್ಚು ಕೂಡಿಡುವ ಪೈಪೋಟಿ ಮನುಷ್ಯನನ್ನು ಹೇಗೆ ಮೈಮರೆಸುತ್ತದೆ ಎಂಬುದಕ್ಕೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯ ಇದೆ. 102ನೇ ಅಧ್ಯಾಯ, ಅತ್ತಕಾಸುರ್. ಎಂಟೇ ವಾಕ್ಯ. ಮದ್ರಸದಲ್ಲಿ ನಾವೆಲ್ಲ ಮೊದಲ ವರ್ಷಗಳಲ್ಲೇ ಕಲಿಯುತ್ತೇವೆ, ನಮಾಝಿನಲ್ಲಿ ಬೇಗ ಮುಗಿಯುತ್ತದೆ ಎಂದು ಓದುತ್ತೇವೆ. ಅದು ನಮ್ಮ ಬಗ್ಗೆ ಇದೆ ಎಂದು ಹೊಳೆಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ಇಮಾಮ್ ಗಝ್ಝಾಲಿಯವರ ಹೆಸರು ಕೇಳದವರಿಲ್ಲ. 1058ರಲ್ಲಿ ಇರಾನಿನ ತೂಸ್‌ನಲ್ಲಿ ಹುಟ್ಟಿದವರು. 1091ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸದ ಮುಖ್ಯ ಗುರು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಆ ಕಾಲದ ಅತಿ ದೊಡ್ಡ ವಿಶ್ವವಿದ್ಯಾಲಯವೊಂದರ ದೊಡ್ಡ ಹುದ್ದೆ. ಹೆಸರು, ಗೌರವ, ಆಸ್ಥಾನದ ಸಂಪರ್ಕ ಎಲ್ಲವೂ ಇತ್ತು. ನಾಲ್ಕೇ ವರ್ಷದಲ್ಲಿ, 1095ರಲ್ಲಿ, ಪಾಠ ಮಾಡಲು ನಿಂತರೆ ನಾಲಿಗೆ ಹೊರಳಲಿಲ್ಲ, ಊಟ ಸೇರಲಿಲ್ಲ. ತಾನು ಪಾಠ ಮಾಡುತ್ತಿರುವುದು ದೇವನಿಗಾಗಿ ಅಲ್ಲ, ಹೆಸರಿಗಾಗಿ ಎಂಬ ಅರಿವೇ ಆ ರೋಗದ ಮೂಲ ಎಂದು ಅವರು ತಮ್ಮ ಆತ್ಮಕಥನದಲ್ಲಿ ಬಿಚ್ಚಿಟ್ಟಿದ್ದಾರೆ. ಹುದ್ದೆ ಬಿಟ್ಟು ಹೊರಟರು. ಮುಂದೆ ಪಾರ್ಸಿ ಭಾಷೆಯಲ್ಲಿ ‘ಕೀಮಿಯಾಯೆ ಸಆದತ್’, ಅಂದರೆ ಸಂತೋಷದ ರಸವಿದ್ಯೆ, ಎಂಬ ಗ್ರಂಥವನ್ನೇ ಬರೆದರು.

ಈ ಕಥೆಯನ್ನು ನಾವು ಹೇಳುವಾಗ ಒಂದು ವಿವರ ಬಿಟ್ಟುಬಿಡುತ್ತೇವೆ. ಗಝ್ಝಾಲಿಯವರು ಎಲ್ಲವನ್ನೂ ಬೀದಿಗೆ ಎಸೆದು ಹೋಗಲಿಲ್ಲ. ಹೆಂಡತಿ ಮಕ್ಕಳ ಜೀವನಕ್ಕೆ ಬೇಕಾದಷ್ಟನ್ನು ಉಳಿಸಿ ಮಿಕ್ಕಿದ್ದನ್ನು ಹಂಚಿದರು. ಅಂದರೆ ಅವರು ಮೊದಲು ‘ಸಾಕು’ ಎಷ್ಟು ಎಂದು ಲೆಕ್ಕ ಹಾಕಿದರು.

ಅದೇ ಲೆಕ್ಕ ಉಮರ್ಗಾದಿಂದ ಒಂದು ಗಂಟೆ ದಾರಿಯ ಬಸವಕಲ್ಯಾಣದಲ್ಲೂ ಸಿಗುತ್ತದೆ. 12ನೇ ಶತಮಾನದಲ್ಲಿ ಬಸವಣ್ಣನವರು ಅಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದರು. ನಮ್ಮ ಭಾಷೆಯಲ್ಲಿ ಹಣಕಾಸು ಮಂತ್ರಿ. ಅವರ ಜೊತೆಗಿದ್ದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ ಎಂಬವರು ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಹೆಂಡತಿ ಲಕ್ಕಮ್ಮ ಅದನ್ನು ನೋಡಿ, ಇದು ನಮ್ಮ ಅಳತೆ ಅಲ್ಲ, ಹೆಚ್ಚಿನದ್ದನ್ನು ಅಲ್ಲೇ ಚೆಲ್ಲಿ ಬನ್ನಿ ಎಂದು ವಾಪಸ್ ಕಳಿಸಿದರು ಎಂಬ ಕಥೆಯನ್ನು ಈ ಕಡೆಯ ಜನ ಈಗಲೂ ಹೇಳುತ್ತಾರೆ. ಅವರು ಬಡವರು. ಆದರೆ ಮನೆಯೊಡತಿಗೆ ತನ್ನ ಅಳತೆ ಗೊತ್ತಿತ್ತು. ನನಗೆ ಎರಡು ಅಂಗಡಿ ಇದ್ದಾಗ ನನ್ನ ಅಳತೆ ಗೊತ್ತಿರಲಿಲ್ಲ.

ಝಕಾತ್: ಇಲ್ಲದ್ದನ್ನಲ್ಲ, ಇದ್ದದ್ದನ್ನು ಎಣಿಸುವ ದಿನ

‘ಸಾಕು’ ಎಂದು ಹೇಳಲು ಸುಲಭ, ಆ ಗೆರೆ ಎಲ್ಲಿ ಎಳೆಯುವುದು? ನನಗೆ ಇದಕ್ಕೆ ದಾರಿ ತೋರಿಸಿದ್ದು ಝಕಾತಿನ ಲೆಕ್ಕ.

ವ್ಯಾಪಾರಿಯ ವರ್ಷವಿಡೀ ಕೊರತೆಯ ಎಣಿಕೆ. ಯಾವ ಸೈಝ್ ಖಾಲಿ, ಯಾರು ಉದ್ರಿ ಕೊಡಬೇಕು, ಸೊಲ್ಲಾಪುರದ ಹೋಲ್‌ಸೇಲ್‌ನವರಿಗೆ ಎಷ್ಟು ಬಾಕಿ. ಆದರೆ ಝಕಾತಿನ ದಿನ ಕೂತು ಇರುವ ಸ್ಟಾಕಿಗೆ ಇವತ್ತಿನ ಬೆಲೆ ಕಟ್ಟಬೇಕು, ಕೈಯಲ್ಲಿರುವ ಹಣ ಸೇರಿಸಬೇಕು. ಅಂಗಡಿಯ ಕಪಾಟು, ಕುರ್ಚಿ, ಮನೆ, ಬಳಸುವ ವಾಹನ ಇವೆಲ್ಲ ಲೆಕ್ಕಕ್ಕಿಲ್ಲ. ಒಟ್ಟು ನಿಸಾಬ್ ಮುಟ್ಟಿದರೆ ಶೇ. 2.5 ಕೊಡಬೇಕು. ನಿಸಾಬನ್ನು ಸಾಮಾನ್ಯವಾಗಿ 85 ಗ್ರಾಂ ಚಿನ್ನ ಅಥವಾ 595 ಗ್ರಾಂ ಬೆಳ್ಳಿಯ ಬೆಲೆ ಎಂದು ಹಿಡಿಯುತ್ತಾರೆ. ವಿವರಗಳನ್ನು ನಿಮ್ಮ ಉಸ್ತಾದರ ಬಳಿ ಕೇಳಿ, ನಾನು ಆಲಿಂ ಅಲ್ಲ.

ನನ್ನ ಎರಡನೇ ಅಂಗಡಿ ಮುಳುಗಿದ ಮರುವರ್ಷ ರಮಝಾನಿನಲ್ಲಿ ‘ಈ ಸಲ ನಮಗೇ ಯಾರಾದರೂ ಕೊಡಬೇಕು’ ಎಂದುಕೊಂಡೇ ಲೆಕ್ಕಕ್ಕೆ ಕೂತೆ. ಕೂಡಿಸಿ ನೋಡಿದರೆ ನಾನು ಕೊಡಬೇಕಾದವನೇ ಆಗಿದ್ದೆ. ಆ ರಾತ್ರಿ ಪೆನ್ನು ಹಿಡಿದು ತುಂಬಾ ಹೊತ್ತು ಕೂತಿದ್ದೆ. ಊರೆಲ್ಲ ನನ್ನನ್ನು ಸೋತವನು ಎನ್ನುತ್ತದೆ ಎಂದು ನಾನು ಹೆದರಿಕೊಂಡಿದ್ದೆ. ಶರೀಅತ್ತಿನ ಲೆಕ್ಕಪುಸ್ತಕದಲ್ಲಿ ನನ್ನ ಹೆಸರು ಇದ್ದದ್ದು ಸಿರಿವಂತರ ಕಾಲಮಿನಲ್ಲಿ.

ಯುವಕರು ಇದನ್ನು ಸ್ವಲ್ಪ ಯೋಚಿಸಬೇಕು. ಬೆಳ್ಳಿಯ ನಿಸಾಬ್ ಎಂದರೆ ಇವತ್ತು ಒಂದು ದುಬಾರಿ ಮೊಬೈಲ್ ಫೋನಿನ ಬೆಲೆಯ ಆಸುಪಾಸು. ಅಷ್ಟು ಹಣ ಖರ್ಚಿಗೆ ಮಿಕ್ಕಿ ಒಂದು ವರ್ಷ ನಿಮ್ಮ ಬಳಿ ನಿಂತರೆ ನೀವು ಕೊಡುವವರು. ಇನ್ಸ್ಟಾಗ್ರಾಮ್ ಎಳೆದ ಗೆರೆಗೂ ಈ ಗೆರೆಗೂ ಎಷ್ಟು ಅಂತರ!

ಕೊಡುವುದರಿಂದ ಕೊಟ್ಟವನಿಗೇನು ಲಾಭ ಎಂಬುದನ್ನೂ ಅಳೆದಿದ್ದಾರೆ. 2008ರಲ್ಲಿ ಕೆನಡಾದಲ್ಲಿ ಎಲಿಝಬೆತ್ ಡನ್ ಮತ್ತು ಸಂಗಡಿಗರು ಕೆಲವರಿಗೆ ಬೆಳಗ್ಗೆ 5 ಅಥವಾ 20 ಡಾಲರ್ ಕೊಟ್ಟರು. ಅರ್ಧ ಜನ ಸಂಜೆಯೊಳಗೆ ತಮಗಾಗಿ, ಇನ್ನರ್ಧ ಜನ ಬೇರೆಯವರಿಗಾಗಿ ಖರ್ಚು ಮಾಡಬೇಕಿತ್ತು. ಸಂಜೆ ವಿಚಾರಿಸಿದಾಗ ಬೇರೆಯವರಿಗೆ ಖರ್ಚು ಮಾಡಿದವರು ಹೆಚ್ಚು ಖುಷಿಯಲ್ಲಿದ್ದರು. 5 ಡಾಲರೋ 20 ಡಾಲರೋ ಎಂಬುದರಿಂದ ವ್ಯತ್ಯಾಸ ಆಗಲಿಲ್ಲ. ಕಾರಣ ಸರಳ ಅಂತ ನನಗೆ ತೋರುತ್ತದೆ. ಕೊಟ್ಟ ಕ್ಷಣದಲ್ಲಿ ಮನಸ್ಸು ತನಗೆ ತಾನೇ ಒಂದು ಮಾತು ಹೇಳಿಕೊಳ್ಳುತ್ತದೆ: ನನ್ನ ಬಳಿ ಸಾಕಷ್ಟಿದೆ. ಸಾವಿರ ಉಪದೇಶದಿಂದ ಬರದ ನಂಬಿಕೆ ಆ ಒಂದು ಕೆಲಸದಿಂದ ಬರುತ್ತದೆ.

ಮನೆ ಸಿಕ್ಕಿತು, ಓಣಿ ಸಿಗಲಿಲ್ಲ

ಮತ್ತೆ ಮುತ್ಯಾನ ಕಥೆಗೆ ಬರುತ್ತೇನೆ. ಭೂಕಂಪದ ನಂತರ ಮಹಾರಾಷ್ಟ್ರ ಸರಕಾರ ವಿಶ್ವಬ್ಯಾಂಕಿನ ಸಾಲದೊಂದಿಗೆ ದೊಡ್ಡ ಪುನರ್ವಸತಿ ಯೋಜನೆ ಮಾಡಿತು. 52 ಹಳ್ಳಿಗಳನ್ನು ಪೂರ್ತಿಯಾಗಿ ಹೊಸ ಜಾಗಕ್ಕೆ ಒಯ್ದರು. ಎಷ್ಟು ಜಮೀನು ಇತ್ತೋ ಅದರ ಮೇಲೆ ಮನೆಯ ಅಳತೆ: 250, 400 ಅಥವಾ 750 ಚದರ ಅಡಿ. ಗಟ್ಟಿಯಾದ ಮನೆಗಳು, ನೇರ ಸಾಲು, ಅಗಲ ರಸ್ತೆ. ಬದುಕಿ ಉಳಿದವರಿಗೆ ಅದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಹಳೆಯ ಹಳ್ಳಿ ಒತ್ತೊತ್ತಾಗಿತ್ತು. ಒಂದು ಮನೆಯ ಮಾತು ಇನ್ನೊಂದಕ್ಕೆ ಕೇಳುತ್ತಿತ್ತು. ಹೊಸ ಹಳ್ಳಿ ನಾಲ್ಕಾರು ಪಟ್ಟು ಹರಡಿಕೊಂಡಿತು, ಹಳೆಯ ನೆರೆಯವರು ಬೇರೆ ಬೇರೆ ಸಾಲಿಗೆ ಹೋದರು. ಮುತ್ಯಾ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: “ಮನಿ ಸಿಕ್ತು ಭಾಯಿ, ಓಣಿ ಸಿಗಲಿಲ್ಲ.”

ವಾಡೆ ಹೋದದ್ದಕ್ಕೆ ಅವರು ಅತ್ತದ್ದನ್ನು ನಾನು ನೋಡಿಲ್ಲ. ಅವ್ವ ಸಂಜೆ ಕೂತು ಜೋಳ ಹಸನು ಮಾಡುತ್ತಿದ್ದ ಕಟ್ಟೆ, ಎದುರು ಮನೆಯಿಂದ ಬರುತ್ತಿದ್ದ ತಾಟು, ಇವುಗಳ ಬಗ್ಗೆ ಹೇಳುವಾಗ ಅವರು ಮಾತು ನಿಲ್ಲಿಸಿ ಚಹಾದ ಲೋಟ ನೋಡುತ್ತಾರೆ.

ಅಮೆರಿಕದ ಹಾರ್ವರ್ಡಿನಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನ ಇವತ್ತಿಗೂ ನಡೆಯುತ್ತಿದೆ. 724 ಜನರ ಇಡೀ ಬದುಕನ್ನು ಹಿಂಬಾಲಿಸಿದರು. ಅವರಲ್ಲಿ ಕೆಲವರು ಹಾರ್ವರ್ಡಿನ ವಿದ್ಯಾರ್ಥಿಗಳು, ಕೆಲವರು ಬಾಸ್ಟನ್ ನಗರದ ಬಡ ಕೇರಿಗಳ ಹುಡುಗರು. ಮುದುಕರಾದ ಮೇಲೂ ಗಟ್ಟಿಯಾಗಿ, ಸಂತೋಷವಾಗಿ ಇದ್ದವರು ಯಾರು ಎಂದು ನೋಡಿದರೆ ದುಡ್ಡು, ಹೆಸರಿಗಿಂತ ಹೆಚ್ಚಾಗಿ ಕೈಹಿಡಿದದ್ದು ಮನೆಯವರ, ಗೆಳೆಯರ ಜೊತೆಗಿನ ಒಳ್ಳೆಯ ಸಂಬಂಧ. ಹಾರ್ವರ್ಡ್ ಎಂಬತ್ತು ವರ್ಷದಲ್ಲಿ ಕಂಡುಕೊಂಡದ್ದನ್ನು ಮುತ್ಯಾ ‘ಓಣಿ’ ಎಂಬ ಒಂದು ಶಬ್ದದಲ್ಲಿ ಹೇಳಿಬಿಟ್ಟರು.

ನಮ್ಮ ಕರಾವಳಿಗೆ ಬನ್ನಿ. ರಸ್ತೆ ಬದಿಯಲ್ಲಿ ಎರಡಂತಸ್ತಿನ ಮನೆ, ಗ್ರಾನೈಟ್ ನೆಲ, ದೊಡ್ಡ ಗೇಟು. ಒಳಗೆ ವಯಸ್ಸಾದ ಉಮ್ಮ ಒಬ್ಬರೇ. ಮಗ ಹದಿನೈದು ವರ್ಷ ಗಲ್ಫಿನಲ್ಲಿ ಬಂಕ್ ಬೆಡ್ಡಿನಲ್ಲಿ ಮಲಗಿ ಐದು ಬೆಡ್‌ರೂಮಿನ ಮನೆ ಕಟ್ಟಿದ. ಆ ಮನೆಯಲ್ಲಿ ಅವನು ಮಲಗಿದ್ದು ಒಟ್ಟು ಎಷ್ಟು ರಾತ್ರಿ? ನಾನು ಅವನನ್ನು ದೂರುತ್ತಿಲ್ಲ. ಅವನ ಬೆವರಿನಿಂದಲೇ ತಂಗಿಯರ ಮದುವೆ ಆಯಿತು, ತಮ್ಮಂದಿರು ಓದಿದರು, ಊರಿನ ಮಸೀದಿ ಎದ್ದಿತು. ಆದರೆ ಮೂರು ಬೆಡ್‌ರೂಮು ಸಾಕಾಗಿದ್ದರೆ ಅವನು ಎಷ್ಟು ವರ್ಷ ಮೊದಲು ಮನೆಗೆ ಬರಬಹುದಿತ್ತು ಎಂಬ ಲೆಕ್ಕವನ್ನು ಅವನಿಗೆ ಯಾರೂ ಹಾಕಿಕೊಡಲಿಲ್ಲ. ಮದುವೆ ಹಾಲಿಗೂ, ಮೆನುವಿಗೂ ಇದೇ ಪ್ರಶ್ನೆ ಕೇಳಬಹುದು.

ಹಾಗಾದರೆ ಏನು ಮಾಡುವುದು?

ನಾನು ಮಾಡುತ್ತಿರುವುದನ್ನು ಹೇಳುತ್ತೇನೆ, ಸರಿ ಕಂಡರೆ ನೀವೂ ನೋಡಿ.

ಒಂದು, ವರ್ಷದಲ್ಲಿ ಒಂದು ದಿನ ಇದ್ದದ್ದನ್ನು ಮಾತ್ರ ಬರೆಯಿರಿ. ಹಣ, ಆರೋಗ್ಯ, ಕೆಲಸ, ರಾತ್ರಿ ಫೋನ್ ಮಾಡಿದರೆ ಎತ್ತುವ ನಾಲ್ಕು ಜನ. ಶುಕ್ರ್ ಎನ್ನುವುದು ಬಾಯಿಮಾತು ಆಗಬಾರದಾದರೆ ಅದಕ್ಕೊಂದು ಪಟ್ಟಿ ಬೇಕು.

ಎರಡು, ದೊಡ್ಡ ವಸ್ತು ತೆಗೆಯುವ ಮೊದಲು ಒಂದು ಪ್ರಶ್ನೆ: ಇದನ್ನು ಯಾರಿಗೂ ತೋರಿಸಲು ಇಲ್ಲ ಎಂದಾದರೂ ನಾನು ತೆಗೆಯುತ್ತೇನಾ? ಹೌದಾದರೆ ತೆಗೆಯಿರಿ, ಖುಷಿಯಿಂದ ಬಳಸಿ. ಅಲ್ಲವಾದರೆ ಅದು ನಿಮ್ಮ ವಸ್ತು ಅಲ್ಲ, ನೋಡುವವರದ್ದು. ಕಂತು ಮಾತ್ರ ನಿಮ್ಮದು.

ಮೂರು, ಸಣ್ಣದಾದರೂ ತಪ್ಪದೆ ಕೊಡುವ ಅಭ್ಯಾಸ. ಮೊದಲ ಸಂಬಳದಿಂದಲೇ.

ನಾಲ್ಕು, ಓಣಿ ಕಾಪಾಡಿಕೊಳ್ಳಿ. ನಾನು ಈಗ ಒಂಬತ್ತಕ್ಕೆ ಅಂಗಡಿ ಮುಚ್ಚುತ್ತೇನೆ. ಒಂಬತ್ತರಿಂದ ಹತ್ತರ ತನಕ ಬರುವ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹೋಗಲಿ. ಆ ಹೊತ್ತಿನಲ್ಲಿ ನನ್ನ ಮಗಳು ಶಾಲೆಯ ಕಥೆ ಹೇಳುತ್ತಾಳೆ.

ಇದನ್ನೆಲ್ಲ ಬರೆಯುವ ಮೊದಲು ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿ ಹೇಳಿದೆ. ಪೂರ್ತಿ ಕೇಳಿದ. ಕೊನೆಗೆ, “ಹಾಗಾದರೆ ಗಲ್ಫಿಗೆ ಹೋಗುವುದು ಬೇಡ ಅಂತೀರಾ ಕಾಕ?” ಎಂದ.

“ಹೋಗು” ಎಂದೆ. “ಹಲಾಲಾಗಿ ದುಡಿ, ಚೆನ್ನಾಗಿ ದುಡಿ. ಆದರೆ ವಿಮಾನ ಹತ್ತುವ ಮೊದಲು ಒಂದು ಕಾಗದದಲ್ಲಿ ಬರೆದು ಉಮ್ಮನ ಕೈಯಲ್ಲಿ ಕೊಟ್ಟು ಹೋಗು, ಎಷ್ಟಾದರೆ ನಿನಗೆ ಸಾಕು ಅಂತ. ಅಷ್ಟಾದ ದಿನ ಅವರು ನಿನ್ನನ್ನು ಕರೆಯಲಿ.”

ಅವನು ನಕ್ಕ. ಬರೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ಆದರೆ ‘ಸೋತೆ’ ಎಂಬ ಮಾತು ಅವತ್ತು ಅವನ ಬಾಯಿಂದ ಬರಲಿಲ್ಲ.

ಇದ್ದದ್ದರಲ್ಲಿ ಬರಕತ್ ಕಾಣುವ ಕಣ್ಣನ್ನು, ಮಿಕ್ಕಿದ್ದನ್ನು ಕೊಡುವ ಕೈಯನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.